ಚೀಲ ಕೈಗೆತ್ತಿಕೊಳ್ಳುವ ಮುನ್ನ: ಗೆಳೆಯನಿಗೊಂದು ಪತ್ರ

(ಗೆಳೆಯನ ಒಪ್ಪಿಗೆ ಕೇಳಿಯೇ, ಅವನ ಹೆಸರು ತೆಗೆದು, ಇಲ್ಲಿ ಹಾಕುತ್ತಿದ್ದೇನೆ.)

ಪ್ರೀತಿಯ ಗೆಳೆಯಾ,

ಕರ್ತನ ಹೆಸರಿನಲ್ಲಿ ವಂದನೆ.

ಮೊನ್ನೆ ರಾತ್ರಿ ಫೋನ್ ಮಾಡಿ, ಸಭೆಯವರು, ಅಂದರೆ ನಿಮ್ಮ ಚರ್ಚಿನವರು, ನಿನ್ನನ್ನು ಹಿರಿಯನನ್ನಾಗಿ ಆರಿಸಿದ್ದಾರೆ, ಖಜಾಂಚಿ ಕೆಲಸವನ್ನೂ ನಿನಗೇ ಒಪ್ಪಿಸಿದ್ದಾರೆ ಎಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ‘ಮೊದಲು ಏನು ಮಾಡಲಿ, ಹೇಳು’ ಎಂದು ನೀನು ಕೇಳಿದೆ. ‘ಪ್ರಾರ್ಥನೆ ಮಾಡು, ದೇವರು ನಡೆಸುತ್ತಾನೆ’ ಎಂದುಬಿಟ್ಟೆ ನಾನು. ಅದು ಸುಳ್ಳಲ್ಲ. ಆದರೆ ಅಷ್ಟು ಹೇಳಿ ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಹೇಳಲೇಬೇಕಾಗಿದ್ದ ಎರಡು ಮಾತನ್ನು ನುಂಗಿಕೊಂಡಿದ್ದೆ. ಒಂದು ನನ್ನದು, ಇನ್ನೊಂದು ನಿನ್ನದು. ನನ್ನದನ್ನು ಮೊದಲು ಹೇಳಿಬಿಡುತ್ತೇನೆ. ಆಗ ನಿನ್ನದನ್ನು ಹೇಳಲು ಬಾಯಿ ಬಂದೀತು.

ನಾನೂ ಹಿಂದೆ ಮೂರು ವರ್ಷ ಸಭೆಯ ಹಣ ನೋಡಿಕೊಂಡಿದ್ದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಇದು. ಆಗ ಕಾಣಿಕೆ ಎಣಿಸುತ್ತಿದ್ದವನು ನಾನೊಬ್ಬನೇ. ಆರಾಧನೆ ಮುಗಿದು ಎಲ್ಲರೂ ಹೊರಟ ಮೇಲೆ ಹಿಂದಿನ ಕೋಣೆಯಲ್ಲಿ ಕೂತು ಚೀಲವನ್ನು ಮೇಜಿನ ಮೇಲೆ ಸುರಿಯುತ್ತಿದ್ದೆ. ಪ್ರತಿ ವಾರವೂ ಅದರಲ್ಲಿ ಒಂದು ನೋಟು ಇರುತ್ತಿತ್ತು. ಮಡಿಸಿ ಮಡಿಸಿ ಬೆರಳ ತುದಿಯಷ್ಟಾದ ನೋಟು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿರುತ್ತಿತ್ತು, ಅಂಗೈ ಬೆವರಿನ ತೇವ ಇನ್ನೂ ಆರಿರುತ್ತಿರಲಿಲ್ಲ. ಬಿಡಿಸಿ ಮೇಜಿಗೆ ಒತ್ತಿ ನೇರ ಮಾಡಿದರೂ ಕೈ ತೆಗೆದ ಕೂಡಲೇ ಮತ್ತೆ ಮುದುಡಿಕೊಳ್ಳುತ್ತಿತ್ತು. ಯಾರು ಹಾಕುತ್ತಾರೆಂದು ನನಗೆ ತಿಳಿದಿತ್ತು. ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ವಿಧವೆ, ವಯಸ್ಸಾದ ತಾಯಿ. ಆರಾಧನೆಯ ಉದ್ದಕ್ಕೂ ಒಂದು ಕೈ ಮುಷ್ಟಿ ಬಿಗಿದೇ ಇರುತ್ತಿದ್ದರು.

ಒಂದು ವಾರ ಮನೆಯಲ್ಲಿ ತುರ್ತು ಬಂತು. ಏನೆಂದು ಬರೆಯುವುದಿಲ್ಲ, ಬರೆದರೆ ಅದೇ ನೆವವಾಗುತ್ತದೆ. ಚೀಲದ ಹಣ ತೆಗೆದುಕೊಂಡೆ. ಹನ್ನೆರಡು ದಿನದಲ್ಲಿ ಒಂದು ಕಾಸೂ ಕಡಿಮೆಯಾಗದಂತೆ ವಾಪಸ್ ಇಟ್ಟೆ. ಪುಸ್ತಕದಲ್ಲಿ ಲೆಕ್ಕ ಸರಿಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಆದರೆ ಆ ಹನ್ನೆರಡು ದಿನದ ನಡುವೆ ಒಂದು ಭಾನುವಾರ ಬಂತು. ಚೀಲ ಸುರಿದೆ. ಆ ಮಡಿಸಿದ ನೋಟು ಉರುಳಿ ಬಂದು ನನ್ನ ಮುಂದೆ ನಿಂತಿತು. ಬಿಡಿಸಲು ಹೋದ ಬೆರಳು ತಡೆಯಿತು. ಹಿಂದಿನ ವಾರದ್ದನ್ನು ನಾನು ಖರ್ಚು ಮಾಡಿ ಮುಗಿಸಿದ್ದೆ.

ಬೇರೆಯವರು ನಂಬಿ ಇಟ್ಟದ್ದರಲ್ಲಿ ಮೋಸ ಮಾಡಿದವನು ಪೂರ್ತಿ ಹಿಂದಿರುಗಿಸಿ, ಅದರ ಮೇಲೆ ಐದನೆಯ ಒಂದು ಭಾಗ ಸೇರಿಸಿ, ಯಾರದೋ ಅವರ ಕೈಗೇ ಕೊಡಬೇಕೆಂದು ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯ ಹೇಳುತ್ತದೆ. ಯೇಸುವನ್ನು ಕಂಡ ಸುಂಕದ ಅಧಿಕಾರಿ ಜಕ್ಕಾಯನಂತೂ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಎಲ್ಲರ ಎದುರು ನಿಂತು ಹೇಳಿದ. ನಾನು ಹಣವನ್ನಷ್ಟೇ ಇಟ್ಟಿದ್ದೆ, ಬಾಯಿ ಬಿಟ್ಟಿರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಸಭಾಪಾಲಕರ ಮುಂದೆ ಕೂತು ಎಲ್ಲ ಹೇಳಿದೆ, ಐದನೆಯ ಭಾಗವನ್ನೂ ಕಟ್ಟಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ತುಂಬಾ ಹೊತ್ತು ಸುಮ್ಮನಿದ್ದು, ‘ನಿನ್ನೊಬ್ಬನನ್ನೇ ಆ ಕೋಣೆಯಲ್ಲಿ ಬಿಟ್ಟವರು ನಾವು’ ಎಂದರು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು.

ಅದಕ್ಕೇ ಹೇಳುತ್ತಿದ್ದೇನೆ, ಆ ಚೀಲವನ್ನು ಒಬ್ಬನೇ ಹೊರಬೇಡ. ಯೇಸುವಿನ ಜೊತೆಯಲ್ಲೇ ನಡೆದು, ಆತನ ಬೋಧನೆಯನ್ನು ಕಿವಿಯಾರೆ ಕೇಳಿದ ಶಿಷ್ಯ ಯೂದನೇ ಹಣದ ಚೀಲಕ್ಕೆ ಕೈ ಹಾಕುತ್ತಿದ್ದನೆಂದು ಯೋಹಾನನು ಬರೆದಿದ್ದಾನೆ. ನೀನು, ನಾನು ಯಾವ ಲೆಕ್ಕ?

ಪೌಲನನ್ನು ನೋಡು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ, ಅಖಾಯದ ಸಭೆಗಳಿಂದ ಹಣ ಕೂಡಿಸುವ ಕೆಲಸ ಅವನ ಮೇಲಿತ್ತು. ಸಭೆಗಳನ್ನು ಕಟ್ಟಿದವನು, ಸೆರೆಮನೆ ಕಂಡವನು, ಏಟು ತಿಂದವನು. ‘ನನ್ನ ಮೇಲೆ ನಂಬಿಕೆ ಇಲ್ಲವೇ?’ ಎಂದು ಕೇಳಲು ಯಾರಿಗಾದರೂ ಬಾಯಿ ಇದ್ದಿದ್ದರೆ ಅವನಿಗೆ ಇತ್ತು. ಅವನು ಹಾಗೆ ಕೇಳಲಿಲ್ಲ. ತನ್ನ ಜೊತೆಗೆಲಸಗಾರ ತೀತನ ಜೊತೆಗೆ ಇನ್ನಿಬ್ಬರು ಸಹೋದರರನ್ನು ಕಳಿಸಿದ, ಅವರಲ್ಲೊಬ್ಬನನ್ನು ಸಭೆಗಳೇ ಆರಿಸಿದ್ದವು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು ಕಾರಣವನ್ನೂ ಬರೆದಿಟ್ಟ. ಎರಡನೇ ಕೊರಿಂಥದ 8ನೇ ಅಧ್ಯಾಯ, ಇಂದು ರಾತ್ರಿಯೇ ಓದು. ‘ದೇವರಿಗೆ ಗೊತ್ತು, ಅಷ್ಟು ಸಾಕು’ ಎನ್ನುವವರನ್ನು ನಾವು ಭಕ್ತರೆಂದು ಮೆಚ್ಚುತ್ತೇವೆ. ಪೌಲನಿಗೆ ಅದು ಸಾಕಾಗಲಿಲ್ಲ.

ಹಾಗಾಗಿ ಮೊದಲ ಭಾನುವಾರದಿಂದಲೇ ಇಬ್ಬರು ಎಣಿಸುವಂತೆ ಮಾಡು. ಇಬ್ಬರೂ ಒಂದೇ ಮನೆಯವರಾಗಿರಬಾರದು, ಇಬ್ಬರಲ್ಲಿ ನೀನು ಇರದಿದ್ದರೆ ಇನ್ನೂ ಒಳ್ಳೆಯದು. ಎಣಿಸಿದ ಮೊತ್ತವನ್ನು ಅಲ್ಲೇ ಬರೆದು ಅಲ್ಲೇ ಸಹಿ ಹಾಕಲಿ. ಹಣ ನಿನ್ನ ಮನೆಯಲ್ಲಿ ಒಂದು ರಾತ್ರಿಯೂ ಉಳಿಯಬಾರದು. ಬ್ಯಾಂಕ್ ಖಾತೆಗೆ ಎರಡು ಸಹಿ ಬೇಕು. ವರ್ಷದ ಲೆಕ್ಕವನ್ನು ಸಭೆಗೆ ಸಂಬಂಧವಿಲ್ಲದವರಿಂದ ಆಡಿಟ್ ಮಾಡಿಸಿ, ಸಭೆಯ ಮುಂದೆ ಓದಿಸು. ಓದುವಾಗ ಇಸ್ರಾಯೇಲ್ ಜನರನ್ನು ನಡೆಸಿದ ಪ್ರವಾದಿ, ಮುದುಕ ಸಮುವೇಲನನ್ನು ನೆನೆಸಿಕೊ. ಜನರೆಲ್ಲ ಸೇರಿದ್ದಾಗ ಎದ್ದು ನಿಂತು, ‘ನಾನು ಯಾರ ಎತ್ತು ತೆಗೆದುಕೊಂಡೆ? ಯಾರ ಕತ್ತೆ ತೆಗೆದುಕೊಂಡೆ? ಇದ್ದರೆ ಹೇಳಿ, ಕೊಟ್ಟುಬಿಡುತ್ತೇನೆ’ ಎಂದು ಅವನೇ ಕೇಳಿದ. ಯಾರೂ ಅವನ ಮೇಲೆ ಸಂಶಯಪಟ್ಟು ಕರೆದಿರಲಿಲ್ಲ. ನಿನ್ನ ಸಭೆಯಲ್ಲಿ ಯಾರಾದರೂ ಎದ್ದು ಲೆಕ್ಕ ಕೇಳಿದರೆ ನೋಯಬೇಡ. ನನ್ನನ್ನು ಆ ದಿನಗಳಲ್ಲಿ ಯಾರಾದರೂ ಕೇಳಿದ್ದರೆ ಎಷ್ಟು ಉಪಕಾರವಾಗುತ್ತಿತ್ತು ಎಂದು ಈಗಲೂ ಅಂದುಕೊಳ್ಳುತ್ತೇನೆ.

ಇನ್ನು ನಿನ್ನ ಮಾತು. ಕೋಪ ಬಂದರೂ ಪೂರ್ತಿ ಓದು.

ಸಭೆಯವರು ನಿನ್ನನ್ನೇ ಯಾಕೆ ಆರಿಸಿದರು ಎಂದು ಯೋಚಿಸಿದ್ದೀಯಾ? ನಿನ್ನ ಪ್ರಾರ್ಥನೆ, ನಿನ್ನ ಒಳ್ಳೆಯ ಮನಸ್ಸು ನನಗೆ ಗೊತ್ತು. ಆದರೆ ನಿನ್ನ ವ್ಯಾಪಾರ ಕೈಹಿಡಿದ ಮೇಲೇ ನಿನ್ನ ಹೆಸರು ಕೇಳಿಬಂದದ್ದು ಎನ್ನುವುದೂ ನಮ್ಮಿಬ್ಬರಿಗೂ ಗೊತ್ತು. ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಸಭೆ ನಡೆಸುವವನು ಹೇಗಿರಬೇಕೆಂದು ಉದ್ದಕ್ಕೆ ಹೇಳಿದೆ. ಹಣದ ಆಸೆ ಇಲ್ಲದವನಾಗಿರಬೇಕು ಎಂದಿದೆ, ಹಣ ಇರುವವನಾಗಿರಬೇಕು ಎಂದು ಎಲ್ಲಿಯೂ ಇಲ್ಲ. ಐಶ್ವರ್ಯವೇ ಪಾಪ ಎಂದು ನಾನು ಹೇಳುತ್ತಿಲ್ಲ. ಯೋಹಾನಳು, ಸುಸನ್ನಳು ತಮ್ಮ ಆಸ್ತಿಯಿಂದ ಯೇಸುವಿಗೂ ಶಿಷ್ಯರಿಗೂ ಉಪಚಾರ ಮಾಡಿದರು. ಅರಿಮಥಾಯದ ಯೋಸೇಫ ಸಿರಿವಂತ, ತನಗೆಂದು ತೋಡಿಸಿದ ಸಮಾಧಿಯನ್ನೇ ಕೊಟ್ಟ. ಹಣವಂತನಿಗೆ ಸಭೆಯಲ್ಲಿ ಜಾಗವಿದೆ. ಯಾವ ಜಾಗ ಎನ್ನುವುದೇ ಪ್ರಶ್ನೆ. ಯಾಕೋಬನ ಪತ್ರದಲ್ಲಿ ಚಿನ್ನದ ಉಂಗುರ ಹಾಕಿಕೊಂಡವನು ಒಳಗೆ ಬರುತ್ತಾನಲ್ಲ, ಗಮನಿಸು: ಯಾಕೋಬ ಗದರಿಸುವುದು ಉಂಗುರದವನನ್ನಲ್ಲ, ಅವನಿಗೆ ಒಳ್ಳೆಯ ಕುರ್ಚಿ ತೋರಿಸಿ ಬಡವನನ್ನು ಕಾಲ ಬಳಿ ಕೂರಿಸಿದವರನ್ನು. ಇಷ್ಟು ದಿನ ನಿನಗೆ ಕುರ್ಚಿ ತೋರಿಸುತ್ತಿದ್ದರು. ಇನ್ನು ಮೇಲೆ ಕುರ್ಚಿ ತೋರಿಸುವವನು ನೀನು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಆ ರಾತ್ರಿ ಫೋನಿನಲ್ಲಿ ನೀನು, ಹೊಸ ಪ್ರಾರ್ಥನಾ ಮಂದಿರದ ಚಾವಣಿಯ ಅರ್ಧ ಖರ್ಚು ನಾನೇ ಕೊಡುತ್ತೇನೆಂದು ಒಪ್ಪಿಕೊಂಡೆ ಎಂದೆ. ಅದೇ ಉಸಿರಿನಲ್ಲಿ, ಕೆಲಸದವರಿಗೆ ಎರಡು ತಿಂಗಳ ಸಂಬಳ ಬಾಕಿ ಇದೆ, ಹೇಗಾದರೂ ಹೊಂದಿಸಬೇಕು ಎಂದೆ. ನೀನು ಎರಡನ್ನೂ ಸಹಜವಾಗಿ ಹೇಳಿದೆ. ನಾನೂ ‘ಹೂಂ’ ಎಂದೆ. ಆ ‘ಹೂಂ’ ನನ್ನ ನಿದ್ದೆ ಕೆಡಿಸಿದ್ದು.

ದಶಮಾಂಶದ ಬಗ್ಗೆ ಪ್ರಸಂಗ ಮಾಡುವಾಗ ಎಲ್ಲರೂ ಮಲಾಕಿಯ 3ನೇ ಅಧ್ಯಾಯ, 10ನೇ ವಚನ ತೆಗೆಯುತ್ತಾರೆ. ಹತ್ತರಲ್ಲಿ ಒಂದು ಪಾಲನ್ನು ಬಂಡಾರಕ್ಕೆ ತನ್ನಿ, ಆಕಾಶದ ದ್ವಾರ ತೆರೆದು ಸುರಿಸುತ್ತೇನೋ ಇಲ್ಲವೋ ನೋಡಿ ಎನ್ನುವ ಮಾತು. ನಾನೂ ಬಾಯಿಪಾಠ ಹೇಳುತ್ತಿದ್ದೆ. ಅದೇ ಅಧ್ಯಾಯದಲ್ಲಿ ಐದು ವಚನ ಮೇಲೆ ಕಣ್ಣು ಹಾಯಿಸು. ಕೂಲಿಯವನಿಗೆ ಕೂಲಿಯಲ್ಲಿ ಅನ್ಯಾಯ ಮಾಡುವವರ ವಿರುದ್ಧ, ವಿಧವೆಯನ್ನೂ ತಂದೆಯಿಲ್ಲದವರನ್ನೂ ಬಾಧಿಸುವವರ ವಿರುದ್ಧ ತಾನೇ ಬಂದು ಸಾಕ್ಷಿ ಹೇಳುತ್ತೇನೆ, ತಡಮಾಡುವುದಿಲ್ಲ ಎಂದು ದೇವರು ಹೇಳಿದ್ದಾನೆ. ಐದನೇ ವಚನ ಮೊದಲು, ಹತ್ತನೇ ವಚನ ಆಮೇಲೆ. ನಾವು ಮೇಲಿನದನ್ನು ದಾಟಿ ಕೆಳಗಿನದನ್ನು ಹಿಡಿದುಕೊಂಡಿದ್ದೇವೆ.

ಬರಬೇಕಾದ ಹಣ ಬಂದಿಲ್ಲ, ಕೆಲಸದವರು ಅರ್ಥಮಾಡಿಕೊಳ್ಳುತ್ತಾರೆ ಎನ್ನುತ್ತೀಯ. ಬರಬೇಕಾದದ್ದು ಬಂದಿಲ್ಲ ಎನ್ನುವುದು ನಿಜವೇ ಇರಬಹುದು. ಆದರೆ ಅವರು ಸುಮ್ಮನಿರುವುದು ಬೇರೆ ದಾರಿ ಇಲ್ಲದೆ. ಬಡ ಕೂಲಿಯವನಿಗೆ ಆ ದಿನದ ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಡು, ಅವನ ಪ್ರಾಣ ಅದರ ಮೇಲೇ ಇದೆ ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿದೆ. ದೇವರು ಕೊಟ್ಟ ಗಡುವು ಒಂದು ಹಗಲು. ನಿನ್ನದು ಅರವತ್ತು ಹಗಲು ದಾಟಿದೆ. ತಡೆಹಿಡಿದ ಕೂಲಿ ತಾನೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ದೇವರ ಕಿವಿಗೆ ಬೀಳುತ್ತದೆ ಎಂದ ಯಾಕೋಬ. ಆ ಹಣದಲ್ಲಿ ಚಾವಣಿ ಹಾಕಿಸಿ ಅದರ ಕೆಳಗೆ ನಿಂತು ನಾವು ಹಾಡಿದರೆ, ದೇವರಿಗೆ ಯಾವುದು ಮೊದಲು ಕೇಳಿಸುತ್ತದೆ, ಗೆಳೆಯಾ?

ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ದೂರು ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಎಂದ ಯೇಸು. ಹಾಗಾಗಿ ಚಾವಣಿ ಕಾಯಲಿ. ಸಭೆಯವರಿಗೆ ನೀನೇ ಹೇಳು, ಈಗ ಆಗುವುದಿಲ್ಲ ಎಂದು. ಕಾರಣವನ್ನೂ ಹೇಳು. ಮುಖ ಚಿಕ್ಕದಾಗುತ್ತದೆ, ಗೊತ್ತು. ಒಮ್ಮೆ ಒಪ್ಪಿದ ಮಾತಿಗೆ ತಪ್ಪಿದ ಎಂದು ಮಾತಾಡುವವರೂ ಇರುತ್ತಾರೆ.

ಈ ಹೊತ್ತಿನಲ್ಲಿ ನೆಹೆಮೀಯನ 5ನೇ ಅಧ್ಯಾಯ ನಿನಗೆ ಬಲ ಕೊಡುತ್ತದೆ. ಯೆರೂಸಲೇಮಿನ ಗೋಡೆ ಕಟ್ಟುವ ಕೆಲಸ ನಡೆದಿತ್ತು. ದೇವರ ಕೆಲಸವೇ. ನಡುವೆ ಬಡವರ ಕೂಗು ಎದ್ದಿತು: ಹೊಲ ಅಡವಿಟ್ಟಿದ್ದೇವೆ, ಮಕ್ಕಳನ್ನು ದಾಸತ್ವಕ್ಕೆ ಕೊಡುತ್ತಿದ್ದೇವೆ ಎಂದು. ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎಂದು ಆ ಕೆಲಸ ನಡೆಸುತ್ತಿದ್ದ ನೆಹೆಮೀಯ ಹೇಳಲಿಲ್ಲ. ಸಭೆ ಕರೆದು ಶ್ರೀಮಂತರನ್ನು ಗದರಿಸಿದ. ನನಗೆ ತುಂಬ ಮುಟ್ಟುವುದು ಅದರ ಮುಂದಿನ ಮಾತು. ನಾನೂ ನನ್ನ ಕಡೆಯವರೂ ಸಾಲ ಕೊಟ್ಟಿದ್ದೇವೆ, ಈ ಬಡ್ಡಿಯನ್ನು ಬಿಟ್ಟುಬಿಡೋಣ ಎಂದು ತನ್ನನ್ನೂ ಸೇರಿಸಿಕೊಂಡ. ತಾನು ಹೊರಗೆ ನಿಂತು ಬೆರಳು ತೋರಿಸಲಿಲ್ಲ. ಅವನು 12 ವರ್ಷ ಅಧಿಪತಿಯಾಗಿದ್ದು, ಅಧಿಪತಿಗೆ ಸಲ್ಲಬೇಕಾದ ಆಹಾರದ ಭತ್ಯವನ್ನೂ ಮುಟ್ಟಲಿಲ್ಲ. ಅದು ಅವನಿಗೆ ಸಲ್ಲುವ ಹಕ್ಕೇ ಆಗಿತ್ತು, ಹಿಂದಿನವರೆಲ್ಲ ತೆಗೆದುಕೊಂಡಿದ್ದರು. ಜನರ ಮೇಲೆ ಹೊರೆ ಭಾರವಾಗಿದೆ ಎಂದು ಬಿಟ್ಟ.

ನೀನೂ ಕೆಲಸದವರನ್ನು ಕೂಡಿಸಿ, ತಡವಾಯಿತು, ನನ್ನ ತಪ್ಪು ಎಂದು ಹೇಳಿಯೇ ಕೈಗೆ ಕೊಡು. ಸಂಬಳದ ಜೊತೆ ಐದನೆಯ ಒಂದು ಭಾಗ ಸೇರಿಸುತ್ತೀಯೋ ಇಲ್ಲವೋ ನಿನ್ನ ಮನಸ್ಸಾಕ್ಷಿಗೆ ಬಿಟ್ಟದ್ದು. ನಾನು ಕಟ್ಟಿದ ದಿನ ನನಗೆ ಹಗುರವಾಯಿತು, ಅದನ್ನಷ್ಟೇ ಹೇಳಬಲ್ಲೆ.

ಬಾಕಿಯೆಲ್ಲ ತೀರಿದ ಮೇಲೆ ಕೊಡುವ ಮಾತು ಆಡೋಣ. ಮೆಥೋಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಬೋಧಕ ಜಾನ್ ವೆಸ್ಲಿ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡ್‌ನ ಯುವಕನೊಬ್ಬನ ಲೆಕ್ಕ ಹೇಳಿದ್ದಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ಆ ಯುವಕ ವೆಸ್ಲಿಯವರೇ ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಎಷ್ಟು ಕೊಡಬೇಕೆಂದು ನಾವು ಲೆಕ್ಕ ಹಾಕುತ್ತೇವೆ, ಅವರು ಎಷ್ಟರಲ್ಲಿ ಬದುಕಬೇಕೆಂದು ಮೊದಲು ನಿಲ್ಲಿಸಿಕೊಂಡರು. ನೀನೂ ನಿನ್ನ ಮನೆಯವರ ಜೊತೆ ಕೂತು ಆ ‘28’ ಯಾವುದೆಂದು ಗೊತ್ತುಮಾಡಿಕೊ. ನಾವು ನಮ್ಮ ಮನೆಯಲ್ಲಿ ಹೋದ ವರ್ಷವೇ ಶುರುಮಾಡಿದೆವು. ಮೊದಲ ತಿಂಗಳು ಜಗಳವೂ ಆಯಿತು, ಈಗ ಮಕ್ಕಳೇ ನೆನಪಿಸುತ್ತಾರೆ.

ನಿನ್ನ ಮೇಲೆ ಬೇಸರದಿಂದ ಬರೆದದ್ದಲ್ಲ ಇದು. ಇಷ್ಟು ವರ್ಷದ ಸ್ನೇಹದಲ್ಲಿ ನಿನಗೆ ಇಷ್ಟು ಕಟುವಾಗಿ ಬರೆದದ್ದು ಇದೇ ಮೊದಲು. ಬರೆಯದೆ ಇದ್ದಿದ್ದರೆ, ನಿನ್ನನ್ನೂ ಒಬ್ಬನನ್ನೇ ಆ ಕೋಣೆಯಲ್ಲಿ ಬಿಟ್ಟ ಹಾಗೆ ಆಗುತ್ತಿತ್ತು.

ಸಂಬಳ ಕೊಟ್ಟ ದಿನ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ, ಎತ್ತುತ್ತೇನೆ. ನೀನು ಹಿರಿಯನಾಗಿ ನಿಲ್ಲುವ ಭಾನುವಾರ ನಾನೂ ಬರುತ್ತೇನೆ, ಕೊನೆಯ ಸಾಲಿನಲ್ಲಿ ಕೂರುತ್ತೇನೆ.

ನಿನ್ನ ಮನೆಯವರಿಗೆಲ್ಲ ನಮ್ಮೆಲ್ಲರ ವಂದನೆ ತಿಳಿಸು. ದಿನವೂ ನಿನ್ನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೇನೆ.

ಕರ್ತನಲ್ಲಿ ನಿನ್ನ
ಗೆಳೆಯ