ಮರದ ಗಾಯಕ್ಕೆ ಬಣ್ಣ ಮದ್ದಲ್ಲ

ಮಾನ್ಯರೇ,

ಹೋದ ಮಳೆಗಾಲದಲ್ಲಿ ನಮ್ಮ ರಸ್ತೆಯ ಮರಗಳ ಕೊಂಬೆ ಕಡಿದರು. ಅದೂ ಜಿಟಿಜಿಟಿ ಮಳೆಯಲ್ಲೇ. ಒಂದು ದಪ್ಪ ಕೊಂಬೆಯನ್ನು ಮೇಲಿನಿಂದ ಕೊಯ್ಯುತ್ತಾ ಬಂದರು. ಅರ್ಧ ಕೊಯ್ಯುವಷ್ಟರಲ್ಲಿ ಅದು ತನ್ನ ಭಾರಕ್ಕೇ ಮುರಿದು, ಕಾಂಡದ ತೊಗಟೆಯನ್ನು ಮೊಳದುದ್ದ ಸಿಗಿದುಕೊಂಡು ಬಿತ್ತು. ಗಾಯಕ್ಕೆ ಕಪ್ಪು ಬಣ್ಣ ಬಳಿದು ಹೊರಟುಹೋದರು.

ಈಗ ಅಲ್ಲಿ ತೊಗಟೆ ಒಳಕ್ಕೆ ಕುಸಿದಿದೆ. ಸುತ್ತ ಬಿರುಕು, ಒಂದು ಕಡೆ ಅಂಟು ಸೋರುತ್ತಿದೆ. ಉಗುರಿನಿಂದ ಕೆರೆದು ನೋಡಿದೆ. ಹಸಿರು ಇರಬೇಕಾದ ಜಾಗದಲ್ಲಿ ಕಂದು. ಸತ್ತ ತೊಗಟೆಯ ಮೇಲೆ ಗುಂಡುಸೂಜಿಯ ತಲೆಗಿಂತ ಸಣ್ಣ ಕಪ್ಪು ಚುಕ್ಕೆಗಳು.

ಇದು ಕ್ಯಾಂಕರ್, ಅಂದರೆ ತೊಗಟೆಗೆ ಬರುವ ಹುಣ್ಣು. ಶಿಲೀಂಧ್ರ ಗಾಯದ ಮೂಲಕ ಒಳಹೊಕ್ಕು ತೊಗಟೆಯನ್ನು ಕೊಲ್ಲುತ್ತದೆ. ಆ ಚುಕ್ಕೆಗಳೊಳಗೆ ಬೀಜಕಣಗಳಿರುತ್ತವೆ. ಒದ್ದೆಯಾದಾಗ ಹೊರಬಂದು ಮಳೆಹನಿಯ ಜೊತೆ ಸಿಡಿಯುತ್ತವೆ. ಹಾಗಾಗಿ ಮಳೆಯಲ್ಲಿ ಕೊಂಬೆ ಕಡಿಯುವುದೆಂದರೆ ರೋಗಕ್ಕೆ ಬಾಗಿಲು ತೆಗೆದಿಟ್ಟಂತೆ. ಹುಣ್ಣು ಕಾಂಡವನ್ನು ಪೂರ್ತಿ ಸುತ್ತಿಬಿಟ್ಟರೆ ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ.

ಅಮೆರಿಕದ ಚೆಸ್ಟ್‌ನಟ್ ಮರಗಳಿಗೆ ಆಗಿದ್ದೂ ಇದೇ ಜಾತಿಯ ಕಾಯಿಲೆ. 1904ರಲ್ಲಿ ನ್ಯೂಯಾರ್ಕ್‌ನ ಮೃಗಾಲಯವೊಂದರಲ್ಲಿ ಕಣ್ಣಿಗೆ ಬಿತ್ತು. ಅರ್ಧ ಶತಮಾನದೊಳಗೆ ಅಂದಾಜು 300–400 ಕೋಟಿ ಮರ ಹೋದವು. ಎಲ್ಲ ಕ್ಯಾಂಕರೂ ಅಷ್ಟು ಭೀಕರವಲ್ಲ, ಬಿಡಿ. ನೀರಿಲ್ಲದೆ, ಬುಡಕ್ಕೆ ಕಾಂಕ್ರೀಟ್ ಬಿಗಿದು ಸೊರಗಿದ ಮರಗಳನ್ನೇ ಅವು ಜಾಸ್ತಿ ಹಿಡಿಯುತ್ತವೆ.

ಆ ಬಣ್ಣದ ವಿಷಯ ಮಾತ್ರ ನನಗೆ ಸಹಿಸಲಾಗುವುದಿಲ್ಲ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಕೆಟ್ಟ ಭಾಗದ ಸುತ್ತ ಒಳಗೇ ಗೋಡೆ ಕಟ್ಟಿಕೊಂಡು, ಪಕ್ಕದಿಂದ ಹೊಸ ತೊಗಟೆ ಬೆಳೆಸುತ್ತದೆ. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಮರಗಳನ್ನು ಉದ್ದಕ್ಕೆ ಸೀಳಿ ಇದನ್ನು ತೋರಿಸಿ ದಶಕಗಳೇ ಆದವು. ಬಣ್ಣ ಕೊಳೆಯುವುದನ್ನು ತಡೆಯುವುದಿಲ್ಲ, ಎಷ್ಟೋ ಸಲ ಅದರಡಿ ತೇವ ನಿಲ್ಲುತ್ತದೆ. (ಓಕ್ ಮರದ ಒಂದು ರೋಗ ಕೀಟಗಳಿಂದ ಹರಡುವ ಕಡೆ ಬಳಿಯುವುದುಂಟು, ಅದು ಬೇರೆ ಲೆಕ್ಕ.)

ಕೆಲಸ ಮಾಡಿಸುವವರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಒಣ ದಿನ ನೋಡಿ ಕಡಿಯಲಿ. ಮೊದಲು ಕೆಳಗಿನಿಂದ ಒಂದು ಗೀರು ಹಾಕಿ, ಆಮೇಲೆ ಕಾಂಡದಿಂದ ಇನ್ನಷ್ಟು ಆಚೆ ಮೇಲಿನಿಂದ ಕೊಯ್ದರೆ ತೊಗಟೆ ಸಿಗಿಯುವುದಿಲ್ಲ. ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಆಚೆಗೇ ಕತ್ತರಿಸಬೇಕು. ಆ ಉಬ್ಬನ್ನು ಕೆತ್ತಬಾರದು. ಹೊಸ ತೊಗಟೆ ಬರುವುದೇ ಅಲ್ಲಿಂದ. ಹುಣ್ಣಿರುವ ಕೊಂಬೆಯನ್ನು ಹುಣ್ಣಿಗಿಂತ ಒಂದು ಗೇಣು ಕೆಳಗೆ ತೆಗೆದು, ಗರಗಸವನ್ನು ಸ್ಪಿರಿಟ್‌ನಿಂದ ಒರೆಸಿ ಮುಂದಿನ ಮರಕ್ಕೆ ಹೋಗಲಿ. ಕಾಂಡಕ್ಕೇ ಹತ್ತಿದ ಹುಣ್ಣಿಗೆ ಸಿಂಪಡಿಸುವ ಔಷಧಿಯಿಂದ ಗುಣವಾಗುವುದಿಲ್ಲ. ಬೇಸಿಗೆಯಲ್ಲಿ ನೀರು ಕೊಡುವುದೇ ಆಗುವ ಉಪಕಾರ. ಹುಲ್ಲು ಕತ್ತರಿಸುವ ಯಂತ್ರದ ದಾರ ಬುಡಕ್ಕೆ ಬಡಿಯದ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ನಾನು ಹೇಳಿದ ಆ ಮರಕ್ಕೆ ಈಗ ಬುಡಸಮೇತ ಕಡಿಯಲು ಕೆಂಪು ಗುರುತು ಬಿದ್ದಿದೆ. ಹುಣ್ಣು ಕಾಂಡದ ಕಾಲು ಸುತ್ತೂ ಇಲ್ಲ. ಅದರ ಎಡ ಅಂಚಿನಲ್ಲಿ ಹೊಸ ತೊಗಟೆ ತುಟಿಯ ಹಾಗೆ ದಪ್ಪಗೆ ಮಡಚಿಕೊಂಡು ಬರುತ್ತಿದೆ. ಗರಗಸ ತರುವ ಮುಂಚೆ ಮರದ ರೋಗ ಬಲ್ಲವರೊಬ್ಬರು ಬಂದು ಅದನ್ನು ನೋಡಲಿ.

– ಒಬ್ಬ ಓದುಗ