ಹೆಸರು ಕೇಳದೇ ಬಂದುಬಿಟ್ಟೆ, ಸಿಸ್ಟರ್

ಮೂರು ವಾರದಿಂದ ಅವ್ವನ ಶುಗರ್ ಇಳಿದಿರಲೇ ಇಲ್ಲ. ಖಾಲಿ ಹೊಟ್ಟೆಯಲ್ಲೇ 280. ಅನ್ನ ಬಿಡಿಸಿದೆವು, ಜೋಳದ ರೊಟ್ಟಿ ಒಂದಕ್ಕೆ ಇಳಿಸಿದೆವು. ಇನ್ಸುಲಿನ್ ಒಂದು ದಿನವೂ ತಪ್ಪಿಸಿರಲಿಲ್ಲ. "ಕದ್ದು ಏನರ ತಿಂತೀಯೇನು?" ಅಂತ ಅವ್ವನನ್ನು ಗದರಿಬಿಟ್ಟಿದ್ದೆ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮೊನ್ನೆ ಕಲಬುರಗಿಯ ಆ ಸುಡುಬಿಸಿಲಲ್ಲಿ ಲ್ಯಾಬಿಗೆ ಬಂದಾಗ, ನೀವು ರಕ್ತ ತೆಗೆದು ಸುಮ್ನೆ ಕಳಿಸಬಹುದಿತ್ತು. "ಯವ್ವಾ, ಸೂಜಿ ಎಲ್ಲಿ ಚುಚ್ಚಿಸ್ಕೋತೀರಿ?" ಅಂತ ಕೇಳಿದಿರಿ. ಪರದೆ ಎಳೆದು ಹೊಟ್ಟೆ ಮುಟ್ಟಿ ನೋಡಿದಿರಿ. ನನ್ನ ಬೆರಳು ಹಿಡಿದು ಹೊಕ್ಕಳ ಎಡಕ್ಕೆ ಇಟ್ಟಿರಿ. ಒಳಗೆ ಅಡಿಕೆಯಷ್ಟು ಗಂಟು! ನೋವಾಗಲ್ಲ ಅಂತ ಅವ್ವ ದಿನಾ ಅಲ್ಲೇ ಚುಚ್ಚಿಸಿಕೊಳ್ಳುತ್ತಿದ್ದಳು. ಗಂಟಿರುವ ಕಡೆ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲವಂತೆ.

ಹಳೇ ರಸೀದಿಯ ಹಿಂದೆ ಹೊಟ್ಟೆ, ತೊಡೆಯ ಚಿತ್ರ ಬರೆದು, ಯಾವ ದಿನ ಎಲ್ಲಿ ಅಂತ ಚುಕ್ಕೆ ಇಟ್ಟುಕೊಟ್ಟಿರಿ. "ಹೊಸ ಜಾಗದಾಗ ಔಷಧ ಜಾಸ್ತಿ ಹತ್ತತದ, ಶುಗರ್ ಒಮ್ಮೆಲೇ ಇಳಿದೀತು. ಮೊದಲ ಡಾಕ್ಟರಿಗೆ ಡೋಸ್ ಕೇಳ್ರಿ" ಅಂತ ಎರಡು ಸಲ ಹೇಳಿದಿರಿ.

ಡಾಕ್ಟರ್ ಡೋಸ್ ಕಡಿಮೆ ಮಾಡಿದರು. ಇವತ್ತು ಬೆಳಿಗ್ಗೆ 148. ಮೀಟರ್ ನೋಡಿ ಕಣ್ಣು ತುಂಬಿ ಬಂತು. ನಿಮ್ಮ ಚೀಟಿಯನ್ನು ಅವ್ವ ದೇವರ ಜಗಲಿ ಮೇಲೆ ಇಟ್ಟಿದ್ದಾಳೆ. ಧನ್ಯವಾದ, ಸಿಸ್ಟರ್.