ಡಾರ್ಕ್‌ರೂಮಿನಲ್ಲಿ ಪಕ್ಕ ಬಂದು ನಿಂತ ಹಿರಿಯರಿಗೆ

ಸರ್, ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲರೆದುರು ಇಲ್ಲಿ ಧನ್ಯವಾದ ಹೇಳುತ್ತಿದ್ದೇನೆ.

ಅವತ್ತು ಡಾರ್ಕ್‌ರೂಮಿನಲ್ಲಿ, ಅಂದರೆ ಫಿಲ್ಮಿನಿಂದ ಫೋಟೋ ಪ್ರಿಂಟ್ ಮಾಡುವ ಕತ್ತಲೆ ಕೋಣೆಯಲ್ಲಿ, ನಾನು ಪ್ರಿಂಟ್ ಮಾಡುತ್ತಿದ್ದುದು ನನ್ನ ಹೆಂಡತಿ ತೀರಿಕೊಂಡ ಮೇಲೆ ತೆಗೆದ ಫೋಟೋಗಳನ್ನು. ಅವಳ ಕಿಟಕಿ, ಮಡಿಸಿಟ್ಟ ಸೀರೆ, ಖಾಲಿ ಮಂಚ, ಅಷ್ಟೇ. ನೀವು ಯಾರದು, ಏನಾಯಿತು ಅಂತ ಒಂದು ಮಾತೂ ಕೇಳಲಿಲ್ಲ. 4ನೇ ನಂಬರ್ ಫಿಲ್ಟರ್ ಬದಲು 2 ಹಾಕಿ ನೋಡೋಣ ಅಂದಿರಿ. ಕಾಂಟ್ರಾಸ್ಟ್, ಅಂದರೆ ಕಪ್ಪು ಬಿಳುಪಿನ ನಡುವಿನ ಅಂತರ, ಇಳಿಯಿತು. ಸೀರೆಯ ಮಡಿಕೆಗಳಲ್ಲಿ ಬೂದು ಬಣ್ಣದ ಎಷ್ಟೊಂದು ಛಾಯೆಗಳು ಕಂಡವು! ಆಮೇಲೆ ಫಿಲ್ಮಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಅಂಗೈ ಅಡ್ಡ ಹಿಡಿದು, ಕಿಟಕಿಯ ಮೂಲೆಗೆ ಮಾತ್ರ ಇನ್ನೊಂದಿಷ್ಟು ಬೆಳಕು ಬಿಟ್ಟಿರಿ. ಬೆಳಕು ಹೆಚ್ಚು ಬಿದ್ದಷ್ಟೂ ಕಾಗದ ಕಪ್ಪಾಗುತ್ತದಲ್ಲ, ಪ್ರಿಂಟಿನಲ್ಲಿ ಆ ಮೂಲೆ ಕಪ್ಪಾಯಿತು. ಕಣ್ಣು ತಾನಾಗೇ ಸೀರೆಯ ಕಡೆ ಹೋಯಿತು. ಮುಖವಿಲ್ಲದೆಯೂ ಅವಳು ಅಲ್ಲಿದ್ದಳು.

ಪ್ರಿಂಟ್ ತೊಳೆಯುತ್ತಾ ಜಪಾನಿನ ಫೋಟೋಗ್ರಾಫರ್ ಮಸಾಹಿಸಾ ಫುಕಾಸೆ ಬಗ್ಗೆ ಹೇಳಿದಿರಿ. 1976ರಲ್ಲಿ ಹೆಂಡತಿ ಯೋಕೊ ದೂರವಾದ ಮೇಲೆ ಅವರು ತಮ್ಮ ಹುಟ್ಟೂರಿರುವ ಹೊಕ್ಕೈಡೊ ಕಡೆ ಹೊರಟರು. ಆಮೇಲೆ ವರ್ಷಗಟ್ಟಲೆ ಕಾಗೆಗಳ ಹಿಂದೆ ಬಿದ್ದರು. ಕತ್ತಲಲ್ಲಿ ಫ್ಲ್ಯಾಷಿಗೆ ಹೊಳೆಯುವ ಕಣ್ಣುಗಳು, ಹಿಮದ ಬಿಳಿಯ ಮೇಲೆ ಕಪ್ಪು ರೆಕ್ಕೆಗಳು. ಮನೆಗೆ ಹೋಗಿ ಹುಡುಕಿ ನೋಡಿದೆ. ನಾವೂ ಪಿಂಡ ಇಟ್ಟು ಕಾಗೆಗೆ ಕಾಯುತ್ತೇವೆ, ಅಲ್ವಾ? ಆ ಚಿತ್ರಗಳು ನನಗೆ ಪರದೇಶದವು ಅನ್ನಿಸಲೇ ಇಲ್ಲ. ಅವಳು ಹೋದ ಮೇಲೆ ಅವತ್ತೇ ಮೊದಲು ಮನಸಾರೆ ಅತ್ತೆ.

ಸೀರೆಯ ಪ್ರಿಂಟ್ ಒಂದನ್ನು ನಿಮಗಾಗಿ ಎತ್ತಿಟ್ಟಿದ್ದೇನೆ. ಇದನ್ನು ಓದಿದರೆ ದಯವಿಟ್ಟು ಒಂದು ಮಾತು ತಿಳಿಸಿ ಸರ್, ನಾನೇ ತಂದು ಕೊಡುತ್ತೇನೆ.